ಯುರೋಪಿಯಮ್ ರೋಹಿತದಲ್ಲಿ ಚೂಪು ರೇಖೆಗಳ ಜೊತೆಗೆ ಅಗಲ ಪಟ್ಟಿ ಏಕೆ?

ಪ್ರಶ್ನೆ:
ಯುರೋಪಿಯಮ್ ಬೆರೆಸಿದ ಇಟ್ರಿಯಮ್ ಆಕ್ಸೈಡ್‌ನ ಉದ್ರೇಕ ರೋಹಿತದಲ್ಲಿ (ಯಾವ ತರಂಗಾಂತರದ ಬೆಳಕು ಬಿದ್ದರೆ ಪದಾರ್ಥ ಎಷ್ಟು ಹೊಳೆಯುತ್ತದೆ ಎಂದು ತೋರಿಸುವ ನಕ್ಷೆಯಲ್ಲಿ) ಗೋಚರ ಬೆಳಕಿನ ಭಾಗದ ರೇಖೆಗಳೆಲ್ಲ ಚೂಪಾಗಿದ್ದರೂ, 250 ನ್ಯಾನೊಮೀಟರ್ ಸುಮಾರಿಗೆ ಬಹಳ ಅಗಲವಾದ, ತೀವ್ರವಾದ ಪಟ್ಟಿಯೊಂದಿದೆ. ಇದು ಸ್ಫಟಿಕ ಕ್ಷೇತ್ರದ, ಅಂದರೆ ಹರಳಿನಲ್ಲಿ ಸುತ್ತಲಿನ ಅಯಾನುಗಳ ವಿದ್ಯುತ್ ಕ್ಷೇತ್ರದ, ಪರಿಣಾಮವೇ?

ಉತ್ತರ 1:
ಅಲ್ಲ. ಚೂಪು ರೇಖೆಗಳು ಬರುವುದು ಯುರೋಪಿಯಮ್‌ನ 4ಎಫ್ ಎಂಬ ಒಳ ಕವಚದ ಎಲೆಕ್ಟ್ರಾನುಗಳು ಶಕ್ತಿಮಟ್ಟ ಬದಲಿಸುವುದರಿಂದ. ಆ ಎಲೆಕ್ಟ್ರಾನುಗಳನ್ನು ಹೊರಗಿನ 5ಎಸ್ ಮತ್ತು 5ಪಿ ಕವಚಗಳು ಮರೆಮಾಡುವುದರಿಂದ ಸ್ಫಟಿಕ ಕ್ಷೇತ್ರವು ಮಟ್ಟಗಳನ್ನು ಕೆಲವು ನೂರು ತರಂಗಸಂಖ್ಯೆಗಳಷ್ಟೇ (ಸೆಂಟಿಮೀಟರಿಗೆ ಎಷ್ಟು ತರಂಗ ಎಂದು ಶಕ್ತಿಯನ್ನು ಅಳೆಯುವ ಮಾನ) ಸೀಳಬಲ್ಲದು. ರೇಖೆಗಳು ಚೂಪಾಗಿಯೇ ಉಳಿಯುತ್ತವೆ. ನೀವು ಕಂಡ ಪಟ್ಟಿ ಆಮ್ಲಜನಕದ ಎಲೆಕ್ಟ್ರಾನು ಯುರೋಪಿಯಮ್‌ಗೆ ದಾಟುವ ಆವೇಶ ವರ್ಗಾವಣೆಯದು. ಆಗ ಬಂಧದ ಉದ್ದವೇ ಬದಲಾಗುವುದರಿಂದ ಕಂಪನಗಳು ಕೂಡಿಕೊಂಡು ಪಟ್ಟಿ ಅಗಲವಾಗುತ್ತದೆ. ಪಾದರಸದ 254 ನ್ಯಾನೊಮೀಟರ್ ಬೆಳಕನ್ನು ಈ ಪದಾರ್ಥ ಚೆನ್ನಾಗಿ ಹೀರಿ, ಟ್ಯೂಬ್‌ಲೈಟ್‌ಗಳಲ್ಲಿ ಕೆಂಪು ಬಣ್ಣ ಕೊಟ್ಟದ್ದು ಇದರಿಂದಲೇ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಸ್ಫಟಿಕ ಕ್ಷೇತ್ರವನ್ನು ಕಡೆಗಣಿಸಬೇಡಿ. ನನ್ನ ದೃಷ್ಟಿಯಲ್ಲಿ ಸೊಗಸಿರುವುದು ಅಲ್ಲಿಯೇ. ಈ ಹರಳಿನಲ್ಲಿ ಲೋಹ ಕೂರುವ ನಾಲ್ಕರಲ್ಲಿ ಮೂರು ತಾಣಗಳಿಗೆ ವಿಲೋಮ ಕೇಂದ್ರವಿಲ್ಲ (ಅಂದರೆ ಒಂದು ಬದಿಯ ನೆರೆಯ ಅಯಾನಿಗೆ ನೇರ ಎದುರು ಬದಿಯಲ್ಲಿ ಅಂಥದೇ ಜೋಡಿ ಇರುವ ಸಮ್ಮಿತಿಯಿಲ್ಲ), ನಾಲ್ಕನೆಯದಕ್ಕೆ ಇದೆ. ವಿದ್ಯುತ್ ದ್ವಿಧ್ರುವ ಸ್ವರೂಪದ (ಬೆಳಕಿನ ವಿದ್ಯುತ್ ಕ್ಷೇತ್ರದ ಮೂಲಕ ನಡೆಯುವ) 611 ನ್ಯಾನೊಮೀಟರ್ ರೇಖೆ ಮೊದಲ ಬಗೆಯ ತಾಣದಿಂದ ಮಾತ್ರ ಪ್ರಬಲವಾಗಿ ಹೊಮ್ಮುತ್ತದೆ. 590ರ ಸುತ್ತಲಿನ ಕಾಂತೀಯ ದ್ವಿಧ್ರುವ (ಬೆಳಕಿನ ಕಾಂತ ಕ್ಷೇತ್ರದ ಮೂಲಕ ನಡೆಯುವ) ರೇಖೆಗಳಿಗೆ ಆ ನಿರ್ಬಂಧವಿಲ್ಲ. ಎರಡರ ತೀವ್ರತೆಯ ಅನುಪಾತದಿಂದ ಅಯಾನಿನ ನೆರೆಹೊರೆಯ ಸಮ್ಮಿತಿಯನ್ನು ಊಹಿಸಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಪಟ್ಟಿಯ ಮೂಲವನ್ನು ಪರೀಕ್ಷಿಸುವುದು ಹೇಗೆ?

ಉತ್ತರ 1:
ಯುರೋಪಿಯಮ್ ಬೆರೆಸುವ ಆತಿಥೇಯ ಹರಳನ್ನು ಬದಲಿಸಿ ನೋಡಿ. ಆಕ್ಸಿಸಲ್ಫೈಡ್‌ನಲ್ಲಿ ಗಂಧಕವು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ಪಟ್ಟಿ ಉದ್ದ ತರಂಗಾಂತರದತ್ತ ಸರಿಯುತ್ತದೆ, ಫ್ಲೋರೈಡ್‌ನಲ್ಲಿ ತದ್ವಿರುದ್ಧ. ಎಫ್–ಎಫ್ ರೇಖೆಗಳು (4ಎಫ್ ಮಟ್ಟಗಳ ನಡುವಿನ ಚೂಪು ರೇಖೆಗಳು) ಮಾತ್ರ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತವೆ.