ಚಿಗರಿ ಫೋಟೊಕ್ಕ ಯಾವ ಬಣ್ಣದ ಬಟ್ಟೆ ಹಾಕ್ಕೋಬೇಕು? ಬೇಟೆಗಾರರ ಕಿತ್ತಳೆ ಜಾಕೆಟ್ ಜಿಂಕೆಗೆ ಯಾಕ ಕಾಣಂಗಿಲ್ಲ?

ಹುಲ್ಲುಹಾದಿ_ಬೀದರ್:
ಡಿಸೆಂಬರ್–ಜನವರಿಯಾಗ ಹೊನ್ನಿಕೇರಿ ಕಡೆ ಚಿಗರಿ (ಕೃಷ್ಣಮೃಗ) ಫೋಟೊ ತಗಿಯೋದದ. ಕೈಯಾಗ 400 ಎಂಎಂ ಲೆನ್ಸ್, ನಡಕೊಂತ ಹೋಗಿ ಕೂಡಬೇಕು. ಅಮೆರಿಕದ ಬೇಟೆ ವಿಡಿಯೊದಾಗ ಎಲ್ಲಾರೂ ಕಣ್ಣು ಕುಕ್ಕೋ ಕಿತ್ತಳೆ ಜಾಕೆಟ್ ಹಾಕಿರ್ತಾರ, ಆದ್ರೂ ಜಿಂಕೆ ಸನೇಕ ಬರ್ತಾವ. ಹಂಗಾರ ಅವಕ್ಕ ಬಣ್ಣ ಕಾಣಂಗಿಲ್ಲೇನು? ಯಾವ ಬಣ್ಣದ್ದಾದ್ರೂ ನಡೀತದೋ, ಇಲ್ಲಾ ಬಜಾರದಾಗ ಸಿಗೋ ಮಿಲಿಟರಿ ಪ್ರಿಂಟ್ ಪ್ಯಾಂಟು ತಗೋಬೇಕೋ? ತಿಳಿದವ್ರು ಹೇಳ್ರಿ.

ಕಣ್ಣುಪಾಪೆ:
ಬಣ್ಣ ಕಾಣುತ್ತದೆ, ನಮ್ಮಷ್ಟು ಕಾಣುವುದಿಲ್ಲ. ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ. ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಅಳೆದು ನೋಡಿದ್ದಾರೆ: ಒಂದು ಬಗೆ 450–460 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ನೀಲಿಗೆ, ಇನ್ನೊಂದು ಸುಮಾರು 537ರ ಹಸಿರಿಗೆ ಚುರುಕು. ಕೆಂಪಿಗೆ ಅಂತ ಬೇರೆ ಕೋಶವೇ ಇಲ್ಲ. ಬೇಟೆ ಜಾಕೆಟ್ಟಿನ ಕಿತ್ತಳೆ 595–605ರ ಆಸುಪಾಸು. ಅಲ್ಲಿ ಜಿಂಕೆಯ ಕಣ್ಣು ಮಂದ, ಹಾಗಾಗಿ ಆ ಜಾಕೆಟ್ಟು ಅದಕ್ಕೆ ಒಣಹುಲ್ಲಿನ ಸಾಲಿಗೆ ಸೇರುವ ಮಾಸಲು ಬಣ್ಣವಾಗಿ ಕಾಣುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಕಿತ್ತಳೆ ಕಡ್ಡಾಯ ಮಾಡಿರುವುದು ಒಬ್ಬ ಬೇಟೆಗಾರನ ಗುಂಡು ಇನ್ನೊಬ್ಬನಿಗೆ ತಾಗಬಾರದು ಅಂತ.

ಆದರೆ ಈ ಅಂಕಿಗಳನ್ನು ನೇರವಾಗಿ ಚಿಗರಿಗೆ ಹಚ್ಚಬೇಡಿ. ಚಿಗರಿ ಜಿಂಕೆಯ ಜಾತಿಯಲ್ಲ. ಅದರ ಕೋಡು ವರ್ಷ ವರ್ಷ ಉದುರುವುದಿಲ್ಲ, ಅದು ಆಡು-ಕುರಿ-ದನಗಳ ಕುಟುಂಬದ ಪ್ರಾಣಿ. ಆಡು, ಕುರಿ, ದನದ ಕಣ್ಣಲ್ಲೂ ಎರಡೇ ಬಗೆ: 444–455 ಮತ್ತು 552–555. ಚಿಗರಿಯ ಕಣ್ಣನ್ನು ಇವಕ್ಕೆ ಹತ್ತಿರ ಅಂತ ಇಟ್ಟುಕೊಂಡರೆ, ಕಿತ್ತಳೆ ಅದಕ್ಕೆ ಬಿಳಿಬಾಲದ ಜಿಂಕೆಗಿಂತ ಒಂದಿಷ್ಟು ಹೆಚ್ಚು ಹೊಳಪಾಗಿಯೇ ಕಾಣುತ್ತದೆ.

ಹಸಿರೋ ಕಂದೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ನೀಲಿ ಮಾತ್ರ ಬಿಡಿ. ಜೀನ್ಸ್ ಬೇಡವೇ ಬೇಡ. ಆಮೇಲೆ ನೋಡಬೇಕಾದದ್ದು ಹಿನ್ನೆಲೆಗಿಂತ ಬಟ್ಟೆ ಎಷ್ಟು ತಿಳಿ, ಎಷ್ಟು ಗಾಢ ಅನ್ನೋದು. ಬೀದರಿನ ಒಣಹುಲ್ಲು, ಜೋಳದ ಕೂಳೆ ಇದ್ದಲ್ಲಿ ಖಾಕಿ ಸರಿ. ಕಲಬುರಗಿ, ಯಾದಗಿರಿಯ ಉತ್ತ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಅದೇ ಖಾಕಿ ಬೆಳ್ಳಗೆ ಎದ್ದು ಕಾಣುತ್ತದೆ. ಅಲ್ಲಿ ಗಾಢ ಕಂದು ಬೇಕು. ಅನುಮಾನವಿದ್ದರೆ ಬಟ್ಟೆಯನ್ನು ಅಲ್ಲೇ ಹಾಸಿ ಒಂದು ಫೋಟೊ ತೆಗೆದು, ಎಡಿಟಿಂಗ್ ಆ್ಯಪ್‌ನಲ್ಲಿ ಹಸಿರು ಚಾನೆಲ್ ಮಾತ್ರ, ಆಮೇಲೆ ನೀಲಿ ಚಾನೆಲ್ ಮಾತ್ರ ಇಟ್ಟು ನೋಡಿ. ಎರಡರಲ್ಲೂ ನೆಲದೊಳಗೆ ಕರಗಿದರೆ ಆ ಬಟ್ಟೆ ಆಯಿತು. ಸಾದಾ ಕಪ್ಪು-ಬಿಳುಪು ಮಾಡಬೇಡಿ, ಅದರಲ್ಲಿ ಕೆಂಪಿನ ಪಾಲೂ ಸೇರಿರುತ್ತದೆ.

ಅಂಟವಾಳ:
ಮ್ಯಾಲಿನವ್ರು ಹೇಳಿದ್ದು ಖರೇ ಅದ. ಆದ್ರ ನಮ್ ಕಡೆ ಕೆಲಸ ಕೆಡೋದು ಬಟ್ಟೆ ಒಗಿಯೋದ್ರಾಗ. ಡಿಟರ್ಜೆಂಟ್ ಪುಡಿಯೊಳಗ ಬಟ್ಟೆ ಥಳಥಳ ಕಾಣ್ಲಿ ಅಂತ ಬ್ರೈಟ್ನರ್ ಹಾಕಿರ್ತಾರ. ಅದು ಬಿಸಿಲಿನ ನೇರಳಾತೀತ ಕಿರಣ ಹೀರಿಕೊಂಡು 430–440ರ ಆಸುಪಾಸಿನ ನೀಲಿ ಬೆಳಕು ಹೊರಗ ಬಿಡ್ತದ. ಮ್ಯಾಲೆ ಬರದ 444–455ಕ್ಕ ಅದು ಎಷ್ಟ್ ಸನೇಕ ಅದ ನೋಡ್ರಿ. ನಿಮ್ಮ ಕಣ್ಣಿಗೆ ಖಾಕಿನೇ ಕಾಣೋ ಪ್ಯಾಂಟು ಅವಕ್ಕ ಮಿಂಚ್ತದ.

ಪರೀಕ್ಷಾ ಸರಳ ಅದ. ಖೋಟಾ ನೋಟು ನೋಡೋ ಯುವಿ ಟಾರ್ಚ್ ತಗೊಂಡು, ಕತ್ತಲ ಖೋಲಿಯಾಗ ಬಟ್ಟೆ ಪಕ್ಕ ಒಂದು ಬಿಳಿ ಜೆರಾಕ್ಸ್ ಹಾಳಿ ಇಟ್ಟು ಬೆಳಕು ಬಿಡ್ರಿ. ಹಾಳಿ ನೀಲಿ ಉರೀತದ. ಬಟ್ಟೆನೂ ಹಂಗೇ ಉರಿದ್ರ ಅದು ಬ್ಯಾಡ. ಬಟ್ಟೆ ಕಪ್ಪಗಿದ್ರೂ ಹೊಲಿಗಿ ದಾರ, ಕಾಲರ್ ಒಳಗಿನ ಲೇಬಲ್, ಕಿಸೆದ ಅಸ್ತರ್ ಬ್ಯಾರೆ ನೋಡ್ರಿ. ಎಷ್ಟೋ ಸಲ ಉರಿಯೋದು ಅವೇ. ಲೇಬಲ್ ಕತ್ತರಿಸಿ ತಗದುಬಿಡ್ರಿ.

ಬ್ರೈಟ್ನರ್ ಹತ್ತಿಗೆ ಕಚ್ಚಿಕೊಂಡು ಕೂಡ್ತದ, ಎರಡು ಮೂರು ಸಲ ಜಾಲಿಸಿದ್ರ ಹೋಗಂಗಿಲ್ಲ. ಅದಕ್ಕ ಹೊಸಾ ಹತ್ತಿ ಬಟ್ಟೆ ತಗೊಳ್ರಿ, ಅಂಗಡ್ಯಾಗೇ ಟಾರ್ಚ್ ಬಿಟ್ಟು ನೋಡ್ರಿ. ಒಗಿಯೋಕ ಅಂಟವಾಳಕಾಯಿ: 8–10 ಕಾಯಿ ಒಂದು ಲೀಟರ್ ನೀರಾಗ ರಾತ್ರಿ ನೆನಸಿ, ಬೀಜ ತಗದು, ಕಿವುಚಿ, ಸೋಸಿ, ಅರ್ಧ ಬಕೇಟ್ ನೀರಿಗೆ ಹಾಕ್ರಿ. ಒಂದು ಜೊತಿ ಬಟ್ಟೆಗೆ ಸಾಕು. ಮಷಿನ್‌ದಾಗ ಹಾಕಬ್ಯಾಡ್ರಿ, ಅದರಾಗ ಹಳೆ ಪುಡಿ ಉಳಿದಿರ್ತದ.

ಇನ್ನ ಹೆಗಲ ಮ್ಯಾಲಿನ ಬಿಳಿ ಟಾವೆಲ್ ಗಾಡ್ಯಾಗ ಬಿಡ್ರಿ. ಲೆನ್ಸ್ ಬಿಳಿದಿದ್ರ ಖಾಕಿ ಬಟ್ಟೆ ಸುತ್ರಿ. ಮಾರಿ, ಕೈ ಎಲ್ಲಕ್ಕಿಂತ ಹೆಚ್ಚು ಅಲುಗಾಡ್ತಾವ, ಮಾರಿಗೆ ಮಣ್ಣಬಣ್ಣದ ರುಮಾಲು, ಕೈಗೆ ತೆಳು ಗ್ಲೌಸ್.

ಹುಲ್ಲುಹಾದಿ_ಬೀದರ್:
ಲೇಬಲ್ ಕಡೆ ಲಕ್ಷ್ಯನೇ ಹೋಗಿರಲಿಲ್ರಿ. ಮುಂಜಾನೆ ಬಿಸಿಲು ಬೆನ್ನಿಗೆ ಇರೋಹಂಗ ಕೂತ್ರ ಸರಿನಾ? ಬೆಳಕು ಛಲೋ ಬೀಳ್ತದ.

ಮೂಡಗಾಳಿ:
ಕೂಡಬೇಡಿ. ಈ ದಿನಗಳಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯದಿಂದ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕೂತರೆ ನಿಮ್ಮ ಬೆವರಿನ ವಾಸನೆ ನೇರ ಹಿಂಡಿಗೆ. ಹಿಂಡಿನ ದಕ್ಷಿಣಕ್ಕೆ ಕೂತು ಪಕ್ಕದ ಬೆಳಕಲ್ಲಿ ತೆಗೆಯಿರಿ. ಹೊರಡುವ ಮುಂಚೆ ಒಂದು ಚಿಟಿಕೆ ಒಣಮಣ್ಣು ಮೇಲಿಂದ ಬಿಟ್ಟು ಗಾಳಿ ನೋಡಿಕೊಳ್ಳಿ.

ಬಯಲಿನ ಈ ಪ್ರಾಣಿ ಬದುಕುವುದೇ ಕಣ್ಣಿನ ಮೇಲೆ. ತಲೆಯ ಎರಡೂ ಬದಿಗೆ ಕಣ್ಣು, ಅಡ್ಡ ಪಾಪೆ. ತಲೆ ತಿರುಗಿಸದೆಯೇ ದಿಗಂತದ ಬಹುಭಾಗ ನೋಡುತ್ತದೆ. ಸಣ್ಣ ವಿವರ ಅದಕ್ಕೆ ನಮ್ಮಷ್ಟು ಸ್ಪಷ್ಟವಿಲ್ಲ, ಆದರೆ ಅಲುಗಾಟ ಬೇಗ ಸಿಕ್ಕಿಬೀಳುತ್ತದೆ. ದಿಬ್ಬದ ನೆತ್ತಿಯ ಮೇಲೆ ನಿಂತರೆ ಯಾವ ಬಟ್ಟೆಯೂ ನಿಮ್ಮನ್ನು ಕಾಯುವುದಿಲ್ಲ. ಬೆಳಕು ಹರಿಯುವ ಅರ್ಧ ಗಂಟೆ ಮುಂಚೆ ಬಂದು, ಪೊದೆಯ ಹಿಂದಲ್ಲ, ಮುಂದೆ, ಅದರ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತುಬಿಡಿ. ಹಿಂದೆ ಕೂತರೆ ಇಣುಕಲೇಬೇಕಾಗುತ್ತದೆ. ಹಿಂಡು ಮೇಯುವುದು ಬಿಟ್ಟು ತಲೆಯೆತ್ತಿ ನಿಂತರೆ ನೀವೂ ಕಲ್ಲಾಗಿ. ಮತ್ತೆ ತಲೆ ತಗ್ಗಿಸಿದ ಮೇಲೆಯೇ ಕ್ಯಾಮೆರಾ ಎತ್ತಿ. ಮರಿ ಇದ್ದ ತಾಯಿಯ ಹತ್ತಿರ ಹೋಗಲೇಬೇಡಿ.

ಮಿಲಿಟರಿ ಪ್ರಿಂಟ್ ಬಿಡಿ. ಬೀದರಿನಲ್ಲಿ ವಾಯುಪಡೆ ನೆಲೆ ಇದೆ; ಆ ವೇಷದಲ್ಲಿ ದೊಡ್ಡ ಲೆನ್ಸ್ ಹಿಡಿದು ಅಲೆದರೆ ಸುಮ್ಮನೆ ತನಿಖೆಗೆ ಕೂರಬೇಕಾಗುತ್ತದೆ. ಇದನ್ನು ಬೇಟೆಯ ಆಸೆಯಿಂದ ಓದುತ್ತಿರುವವರು ಯಾರಾದರೂ ಇದ್ದರೆ ಅವರಿಗೂ ಹೇಳುತ್ತೇನೆ: ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಎರಿಹೊಲ_ಆಳಂದ:
ನಮ್ದು ಉಲ್ಟಾ ಅದರಿ. ಕಾಣ್ಲಿ, ಅಂಜಿ ಓಡ್ಲಿ ಅಂತ ಕಡ್ಲಿ ಹೊಲದ ಸುತ್ತ ಹಳೆ ಸೀರಿ ಕಟ್ತೀವಿ, ಹೆಚ್ಚಿನವು ಕೆಂಪು. ನಾಕ ದಿನ ದೂರ ಇರ್ತಾವ, ಆಮ್ಯಾಗ ಒಳಗೇ ಬರ್ತಾವ.

ಅಂಟವಾಳ:
ಅಣ್ಣಾ, ಕೆಂಪು ಅವಕ್ಕ ಕಪ್ಪಿಗೆ ಸನೇಕ, ಎರಿ ಮಣ್ಣಿನ ಮುಂದ ಮುಳುಗೇ ಹೋಗ್ತದ. ಬಿಳಿ, ನೀಲಿ ಸೀರಿ ಒಂದರ ಪಕ್ಕ ಒಂದು ಕಟ್ರಿ. ಇಲ್ಲಿ ಡಿಟರ್ಜೆಂಟ್ ಪುಡಿ ನಿಮ್ಮ ಕಡೆಗೇ ಅದ, ಬಿಳೀವು ಅದರಾಗೇ ಒಗೀರಿ. ಸೀರಿ ಉದ್ದಕ ಬಿಗದು ಕಟ್ಟಿದ್ರ ಗ್ವಾಡಿ ಇದ್ದಂಗ ನಿಂತಬಿಡ್ತದ. ನಾಕೈದು ಇಂಚು ಅಗಲದ ಪಟ್ಟಿ ಹರದು, ಹಗ್ಗಕ್ಕ ಒಂದು ತುದಿ ಅಷ್ಟೇ ಕಟ್ಟಿ, ಇನ್ನೊಂದು ಗಾಳಿಗೆ ಫಡಫಡ ಅನ್ನೋಹಂಗ ಬಿಡ್ರಿ. ಹಗ್ಗ ಎರಡೂವರೆ–ಮೂರು ಫೂಟ್ ಎತ್ತರ ಇರ್ಲಿ. ನಾಕ ದಿನಕ್ಕ ರೂಢಿ ಆಗ್ತಾವ ಅಂತ ನೀವೇ ಹೇಳೀರಿ, ಹಂಗಾರ ಮೂರನೇ ದಿನಕ್ಕ ಜಾಗಾ ಬದಲಿ ಮಾಡ್ರಿ. ತಂತಿಗೆ ಕರೆಂಟ್ ಮಾತ್ರ ಕೊಡಬ್ಯಾಡ್ರಿ, ಮನಷ್ಯಾರೂ ಸಾಯ್ತಾರ. ಕಡ್ಲಿ ಮೊಳಕಿ ಒಡಿಯೋಕಿಂತ ಮೊದಲೇ ಕಟ್ರಿ, ಒಮ್ಮೆ ಎಲಿ ರುಚಿ ಹತ್ತಿದ ಹಿಂಡು ತಿರುಗಿಸೋದು ಭಾಳ ತ್ರಾಸ.