ದಾವಣಗೆರೆ: ಮನೆ ಹಿತ್ತಲಿನ ಎಲೆ ಸುಡೋಕೆ ಪರ್ಮಿಷನ್ ಬೇಕಾ?

ವಿದ್ಯಾನಗರದವರು:
ನಮ್ಮ ಹಿತ್ತಲಲ್ಲಿ ಎರಡು ತೆಂಗು, ಒಂದು ಮಾವು, ಒಂದು ಬಾದಾಮಿ ಮರ ಇವೆ. ಶಿವರಾತ್ರಿ ಹತ್ತಿರ ಬಂತು ಅಂದ್ರೆ ದಿನಾ ಒಂದು ಮಂಕರಿ ಎಲೆ ಬೀಳುತ್ತದೆ. ಅಪ್ಪನ ಕಾಲದಿಂದಲೂ ಸಂಜೆ ಗುಡ್ಡೆ ಹಾಕಿ ಬೆಂಕಿ ಕೊಡೋದೇ ರೂಢಿ. ಮೊನ್ನೆ ಆ ಹೊಗೆಗೆ ಪಕ್ಕದ ಮನೆ ಅಜ್ಜಿಗೆ ದಮ್ಮು ಜಾಸ್ತಿಯಾಗಿ ರಾತ್ರಿಯೆಲ್ಲ ಕೆಮ್ಮಿದರು, ನನಗೆ ನಿದ್ದೆ ಬರಲಿಲ್ಲ. ಅವರ ಮಗ, ಪಾಲಿಕೆ ಪರ್ಮಿಷನ್ ಇಲ್ಲದೆ ಸುಟ್ಟರೆ ದಂಡ ಅಂದರು. ಅರ್ಜಿ ಎಲ್ಲಿ ಕೊಡಬೇಕು? ಬೆಳಗ್ಗೆ ಸುಟ್ಟರೆ ನಡೆಯುತ್ತದಾ? ನಮ್ಮದೇ ಕಾಂಪೌಂಡ್, ಬರೀ ಎಲೆ, ಪ್ಲಾಸ್ಟಿಕ್ ಒಂಚೂರೂ ಇಲ್ಲ.

ನಿಟ್ಟುವಳ್ಳಿಯಿಂದ:
ಅರ್ಜಿ ಕೊಡುವ ಮಾತೇ ಬರುವುದಿಲ್ಲ, ಯಾಕಂದ್ರೆ ಬಯಲಲ್ಲಿ ಕಸ ಸುಡುವುದಕ್ಕೇ ನಿಷೇಧ ಇದೆ. 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ ಈ ಆದೇಶ ಕೊಟ್ಟಿತು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ ದಂಡ, ರಾಶಿಗಟ್ಟಲೆ ಸುಟ್ಟರೆ 25,000. ಎಲೆ ಕಸ ಅಲ್ಲ ಅಂತ ಹೇಳೋಕಾಗಲ್ಲ, ಅದೇ ವರ್ಷದ ಘನತ್ಯಾಜ್ಯ ನಿಯಮಗಳಲ್ಲಿ ತೋಟದ ಕಸವನ್ನೂ ಸೇರಿಸಿ, ಅದನ್ನು ಮನೆಯಲ್ಲೇ ಬೇರೆ ಇಟ್ಟು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಅಂದಿದ್ದರು. ಇನ್ನು ಬೆಳಗ್ಗೆ ಸುಡೋದು ಬೇಡವೇ ಬೇಡ. ಚಳಿ ಇರುವಾಗ ಹೊಗೆ ಮೇಲೇರದೆ ನೆಲ ಹಿಡಿದು ಕೂರುತ್ತದೆ. ಬರೀ ಎಲೆಯಾದರೂ ಅರೆಬರೆ ಉರಿದಾಗ ಸಣ್ಣ ಕಣಗಳು, ಕಾರ್ಬನ್ ಮೊನಾಕ್ಸೈಡ್ ಎಲ್ಲ ಬರುತ್ತವೆ, ಅಜ್ಜಿಗೆ ಆಗಿದ್ದು ಅದರಿಂದಲೇ.

ಚಿತ್ರದುರ್ಗದಿಂದ:
ಹೊಗೆ ಒಂದೇ ಅಲ್ಲ ಸರ್. ನಮ್ಮ ಊರಿನ ಗಾಳಿ ಗೊತ್ತಲ್ವಾ, ಯಾವ ಕಡೆ ತಿರುಗುತ್ತದೆ ಅಂತ ಹೇಳೋಕಾಗಲ್ಲ. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರು ಸೈಟ್ ಕ್ಲೀನ್ ಮಾಡೋಣ ಅಂತ ಹುಲ್ಲಿಗೆ ಕಡ್ಡಿ ಗೀರಿದರು, ಪಕ್ಕದವರ ಮೇವಿನ ಬಣವೆ ಪೂರ್ತಿ ಹೋಯಿತು. ಎರಡು ಎಮ್ಮೆ ಕಟ್ಟಿಕೊಂಡಿದ್ದ ಮನೆ ಅದು. ಬೇಸಿಗೆಯಲ್ಲಿ ನಮ್ಮ ಊರ ಪಕ್ಕದ ಜೋಗಿಮಟ್ಟಿ ಕಾಡಿನ ಕಡೆ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ, ಅಲ್ಲಿ ಒಂದು ಕಿಡಿ ಬಿದ್ದರೂ ಸಾಕು. ಅಜಾಗರೂಕತೆಯಿಂದ ಬೆಂಕಿ ಹಚ್ಚಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲೂ ಆಗಬಹುದು. ಬೆಂಕಿ ಕೈಮೀರಿದರೆ ತಕ್ಷಣ 112ಕ್ಕೆ ಫೋನ್ ಮಾಡಿ, ನಾವೇ ಆರಿಸ್ತೀವಿ ಅಂತ ನಿಲ್ಲಬೇಡಿ.

ಹರಿಹರ ರಸ್ತೆಯಿಂದ:
ಆ ಎಲೆ ನಿಮ್ಮ ಮರಗಳಿಗೇ ಗೊಬ್ಬರ, ಸುಮ್ನೆ ಬೂದಿ ಮಾಡ್ತಿದ್ದೀರಿ. ಮೂಲೆಯಲ್ಲಿ ಮೂರಡಿ ಉದ್ದ, ಮೂರಡಿ ಅಗಲಕ್ಕೆ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಿ. ಒಂದು ಪದರ ಎಲೆ, ಮೇಲೆ ತೆಳ್ಳಗೆ ಸೆಗಣಿ ಬಗ್ಗಡ ಇಲ್ಲವೇ ಅಡುಗೆಮನೆಯ ಹಸಿ ಕಸ, ಮತ್ತೆ ಎಲೆ. ಬರೀ ಒಣ ಎಲೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಕೈಯಲ್ಲಿ ಹಿಂಡಿದರೆ ಒದ್ದೆ ತಾಗಬೇಕು, ನೀರು ಸೋರಬಾರದು. ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿ. ನನಗೆ ನಾಲ್ಕು ತಿಂಗಳಿಗೆ ಕಪ್ಪಗೆ ಪುಡಿಪುಡಿ ಗೊಬ್ಬರ ಸಿಕ್ಕಿತು, ಮಳೆ ಬಂದಾಗ ಬರುವಂಥ ಮಣ್ಣಿನ ವಾಸನೆ.

ವಿದ್ಯಾನಗರದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನು ಬೆಂಕಿ ಹಾಕಲ್ಲ, ಇವತ್ತೇ ಅಜ್ಜಿ ಮನೆಗೆ ಹೋಗಿ ಹೇಳಿ ಬರುತ್ತೇನೆ. ತೆಂಗಿನ ಗರಿ ಏನು ಮಾಡಲಿ? ಅದು ಕೊಳೆಯೋದೇ ಇಲ್ಲವಲ್ಲ.

ಹರಿಹರ ರಸ್ತೆಯಿಂದ:
ಕಡ್ಡಿ ಸೀಳಿ ಪೊರಕೆ ಕಟ್ಟಿ. ಉಳಿದಿದ್ದನ್ನು ಮಚ್ಚಲ್ಲಿ ತುಂಡು ಮಾಡಿ ತೆಂಗಿನ ಪಾತಿಗೇ ಹೊದಿಸಿ, ಬೇಸಿಗೆಯಲ್ಲಿ ತೇವ ನಿಲ್ಲುತ್ತದೆ. ಬುಡಕ್ಕೆ ಒತ್ತಬೇಡಿ, ಒಂದಡಿ ಬಿಡಿ.