ನಾಲಿಗೆ ಬೆಳ್ಳಗಾಗಿದೆ, ಹೊಟ್ಟೆ ಕೆಟ್ಟಿದೆಯೇ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಡಾಕ್ಟರ್ ಮೇಡಂ, ನಮಸ್ಕಾರ. ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ನಾಲಿಗೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ. ಟಂಗ್ ಕ್ಲೀನರ್‌ನಿಂದ ಎಳೆದರೆ ಹೋಗುತ್ತದೆ, ಮರುದಿನ ಮತ್ತೆ ಹಾಜರು. ನಮ್ಮ ಅತ್ತೆಯವರು "ಹೊಟ್ಟೆ ಸ್ವಚ್ಛವಿಲ್ಲ" ಎಂದು ಔಡಲ ಎಣ್ಣೆ ಕುಡಿಸಿದರು. ಹೊಟ್ಟೆಯೇನೋ ಖಾಲಿಯಾಯಿತು, ನಾಲಿಗೆ ಹಾಗೆಯೇ ಇದೆ. ಕಚೇರಿಯಲ್ಲಿ ಒಬ್ಬರು ಲಿವರ್ ಎನ್ನುತ್ತಾರೆ, ಇನ್ನೊಬ್ಬರು ಶುಗರ್ ಎನ್ನುತ್ತಾರೆ. ವಯಸ್ಸು 36, ಕುಳಿತು ಲೆಕ್ಕ ಬರೆಯುವ ಕೆಲಸ. ಸಿಗರೇಟು, ಗುಟ್ಕಾ ಯಾವುದೂ ಇಲ್ಲ. ಗುಂಪಿನಲ್ಲಿ ಫೋಟೊ ಹಾಕಿದ್ದೇನೆ. ಯಾವ ಪರೀಕ್ಷೆ ಮಾಡಿಸಲಿ?

ಉತ್ತರ (ದಂತ ವೈದ್ಯೆ, ಧಾರವಾಡ): ಸದ್ಯಕ್ಕೆ ಯಾವ ಪರೀಕ್ಷೆಯೂ ಬೇಡ. ಎಳೆದರೆ ಹೋಗುತ್ತದೆ ಎಂದಿದ್ದೀರಲ್ಲ, ನನಗೆ ಮೊದಲು ಬೇಕಾಗಿದ್ದ ಮಾಹಿತಿ ಅದೇ. ಫೋಟೊಕ್ಕಿಂತ ಆ ಒಂದು ಮಾತು ಹೆಚ್ಚು ಹೇಳುತ್ತದೆ.

ನಾಲಿಗೆಯ ಮೇಲ್ಭಾಗದ ತುಂಬ ಕೂದಲಿನಂಥ ಸಣ್ಣ ಮೊನೆಗಳಿವೆ. ಇವುಗಳಿಗೆ ರುಚಿ ತಿಳಿಯುವುದಿಲ್ಲ. ತುತ್ತನ್ನು ಹಿಡಿದು ಹೊರಳಿಸುವುದಷ್ಟೇ ಇವುಗಳ ಕೆಲಸ. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ವಸ್ತು ಇವುಗಳ ತುದಿಯಲ್ಲೂ ಇದೆ. ತುದಿಯ ಸತ್ತ ಕೋಶಗಳು ದಿನವೂ ಉದುರಿ ಹೋಗಬೇಕು. ಜೊಲ್ಲು ಅವನ್ನು ತೊಳೆಯುತ್ತದೆ, ಅಗಿಯುವ ಆಹಾರ ಉಜ್ಜಿ ತೆಗೆಯುತ್ತದೆ. ಇವೆರಡರಲ್ಲಿ ಒಂದು ಕಡಿಮೆಯಾದರೂ ಸತ್ತ ಕೋಶ, ಆಹಾರದ ಕಣ, ಬ್ಯಾಕ್ಟೀರಿಯಾ ಎಲ್ಲ ಸೇರಿ ಪದರ ಕಟ್ಟುತ್ತವೆ. ಜ್ವರ ಬಂದು ಗಂಜಿ ಕುಡಿದು ಮಲಗಿದವರ ನಾಲಿಗೆ ಬೆಳ್ಳಗಾಗುವುದು ಇದಕ್ಕೇ. ಕಡಕ್ ರೊಟ್ಟಿಯ ಜೊತೆ ಹಸಿ ಸೌತೆಕಾಯಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ಕಚ್ಚಿ ತಿನ್ನುವವರ ನಾಲಿಗೆ ಊಟದ ಹೊತ್ತಿಗೇ ಅರ್ಧ ಸ್ವಚ್ಛವಾಗಿರುತ್ತದೆ.

ಆರೋಗ್ಯವಾಗಿರುವವರ ನಾಲಿಗೆಯ ಮೇಲೂ ತೆಳುವಾದ ಬಿಳಿ ಇದ್ದೇ ಇರುತ್ತದೆ. ಬೋಳಾಗಿ, ನುಣ್ಣಗೆ, ಕೆಂಪಗೆ ಹೊಳೆಯುವ ನಾಲಿಗೆ ಕಂಡರೆ ನಾನು ಹೆಚ್ಚು ಯೋಚನೆ ಮಾಡುತ್ತೇನೆ. ಬಿ12 ಅಥವಾ ಕಬ್ಬಿಣದ ಕೊರತೆಯಲ್ಲಿ ಆ ಮೊನೆಗಳೇ ಸವೆದುಹೋಗುತ್ತವೆ. ಅಂಥವರನ್ನು ರಕ್ತ ಪರೀಕ್ಷೆಗೆ ಕಳಿಸುತ್ತೇನೆ.

ಔಡಲ ಎಣ್ಣೆಗೆ ಬರೋಣ. ಮಲಬದ್ಧತೆ ಮತ್ತು ಬಿಳಿ ನಾಲಿಗೆ ಒಟ್ಟಿಗೆ ಬರುವುದುಂಟು. ನೀರು ಕಡಿಮೆ ಕುಡಿಯುವವರಿಗೆ, ನಾರಿನ ಪದಾರ್ಥ ತಿನ್ನದವರಿಗೆ ಎರಡೂ ಬರುತ್ತವೆ. ಹಾಗೆಂದು ಒಂದರಿಂದಲೇ ಇನ್ನೊಂದು ಬಂತು ಎನ್ನಲಾಗದು. ಭೇದಿಯಾಗಿ ಮೈಯ ನೀರು ಹೋದರೆ ಬಾಯಿ ಇನ್ನಷ್ಟು ಒಣಗಿ ಪದರ ದಪ್ಪವಾಗುತ್ತದೆ. ಅತ್ತೆಯವರಿಗೆ ಇದನ್ನು ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು. ಲಿವರ್‌ನ ಅನುಮಾನವಿದ್ದರೆ ವೈದ್ಯರು ಮೊದಲು ಕಣ್ಣಿನ ಬಿಳಿ ಹಳದಿಯಾಗಿದೆಯೇ ಎಂದು ನೋಡುತ್ತಾರೆ, ನಾಲಿಗೆಯ ಬಿಳಿಯನ್ನಲ್ಲ.

ಈಗ ನನ್ನ ಪ್ರಶ್ನೆಗಳು. ಬಾಯಿ ತೆರೆದು ಮಲಗುತ್ತೀರಾ? ದಿನವೂ ನುಂಗುವ ಗುಳಿಗೆ ಯಾವುದಾದರೂ ಇದೆಯೇ? ಕಚೇರಿಯಲ್ಲಿ ನೀರು ಎಷ್ಟು, ಚಹಾ ಎಷ್ಟು?

ಪ್ರಶ್ನಿಸಿದವರು: ಹೆಂಡತಿಯನ್ನು ಕೇಳಿದೆ. ಬಾಯಿ ತೆರೆದೇ ಮಲಗುತ್ತೇನಂತೆ, ಗೊರಕೆಯೂ ಇದೆಯಂತೆ. ಧೂಳಿಗೆ ಸೀನು ಬರುತ್ತದೆಂದು ರಾತ್ರಿ ಸೆಟಿರಿಜಿನ್ ಗುಳಿಗೆ ತೆಗೆದುಕೊಳ್ಳುತ್ತೇನೆ, ಬಹಳ ದಿನಗಳಿಂದ. ಚಹಾ ಲೆಕ್ಕವಿಲ್ಲ.

ಉತ್ತರ: ಲೆಕ್ಕ ಬರೆಯುವವರೇ ಚಹಾ ಲೆಕ್ಕವಿಲ್ಲ ಎಂದರೆ ಹೇಗೆ?

ನಿಮ್ಮ ನಾಲಿಗೆಯ ಕಥೆ ಇಷ್ಟೇ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ, ನಿದ್ದೆಯಲ್ಲಿ ಮಾತ್ರ ಅದು ತೀರಾ ಕಡಿಮೆ. ಅದರ ಮೇಲೆ ಸೀನಿನ ಗುಳಿಗೆ ಬಾಯಿಯನ್ನು ಒಣಗಿಸುತ್ತದೆ. ಉಳಿದ ತೇವವನ್ನು ಬಾಯಿಂದ ಆಡುವ ಉಸಿರು ಎಳೆದುಕೊಳ್ಳುತ್ತದೆ. ಹುಬ್ಬಳ್ಳಿಯ ಧೂಳಿಗೆ ಮೂಗು ಕಟ್ಟಿಕೊಂಡವರು ನೀವೊಬ್ಬರೇ ಅಲ್ಲ. ಮೂಗನ್ನು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ, ಗುಳಿಗೆಯ ಬದಲು ಮೂಗಿಗೆ ಹೊಡೆಯುವ ಸ್ಪ್ರೇ ಆದೀತೇ ಎಂದು ಅವರನ್ನೇ ಕೇಳಿ. ಗೊರಕೆಯ ಜೊತೆ ಹಗಲು ತೂಕಡಿಕೆಯೂ ಇದ್ದರೆ ಅದನ್ನೂ ತಪ್ಪದೇ ಹೇಳಿ.

ನಾಲಿಗೆ ಉಜ್ಜುವುದು ದಿನಕ್ಕೊಮ್ಮೆ ಸಾಕು. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ, ಎರಡು-ಮೂರು ಎಳೆತ. ತಾಮ್ರ, ಸ್ಟೀಲ್, ಪ್ಲಾಸ್ಟಿಕ್ ಯಾವುದಾದರೂ ನಡೆಯುತ್ತದೆ. ಇಡೀ ಓಣಿಗೆ ಕೇಳುವಂತೆ ಬಚ್ಚಲಲ್ಲಿ ಓಕರಿಸುವುದರಿಂದ ನಾಲಿಗೆ ಹೆಚ್ಚು ಸ್ವಚ್ಛವಾಗುವುದಿಲ್ಲ. ಇನ್ನೊಂದು ಮಾತು: ಗಂಟಲಿನ ಹತ್ತಿರ ಸಾಲಾಗಿ ಎಂಟು-ಹತ್ತು ಗುಂಡನೆಯ ಗುಬ್ಬಿಗಳು ಕಂಡರೆ ಗಾಬರಿಯಾಗಬೇಡಿ. ಅವು ಎಲ್ಲರಿಗೂ ಇರುವ ರುಚಿಯ ಮೊಗ್ಗುಗಳ ಮನೆ. ಅವನ್ನು ಗಂಟು ಎಂದುಕೊಂಡು ಕೆರೆದು ಹುಣ್ಣು ಮಾಡಿಕೊಂಡು ಬರುವವರಿದ್ದಾರೆ.

ಇನ್ನೊಬ್ಬರು (ಗದಗ): ಮೇಡಂ, ಆಯುರ್ವೇದದಲ್ಲಿ ನಾಲಿಗೆ ನೋಡಿ ಆಮ (ಸರಿಯಾಗಿ ಜೀರ್ಣವಾಗದೆ ಉಳಿದ ಕಲ್ಮಶ) ಇದೆಯೋ ಇಲ್ಲವೋ ಹೇಳುತ್ತಾರಲ್ಲ. ಅದು ಸುಳ್ಳೇ?

ಉತ್ತರ: ನನ್ನ ವಿದ್ಯೆಯಲ್ಲದ್ದರ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಅಲ್ಲಿಯೂ ಪರೀಕ್ಷೆ ಎಂಟು ಬಗೆಯದು: ನಾಡಿ, ಮೂತ್ರ, ಮಲ, ನಾಲಿಗೆ, ದನಿ, ಸ್ಪರ್ಶ, ಕಣ್ಣು, ಆಕಾರ. ಬಲ್ಲ ವೈದ್ಯರು ಎಂಟನ್ನೂ ನೋಡಿ ಮಾತಾಡುತ್ತಾರೆ. ಮೊಬೈಲ್‌ನಲ್ಲಿ ಬಂದ ಒಂದು ನಾಲಿಗೆಯ ಚಿತ್ರ ನೋಡಿ "ನಿಮ್ಮ ಕರುಳಿನಲ್ಲಿ ವಿಷವಿದೆ, ಈ ಪುಡಿ ಕೊಳ್ಳಿ" ಎನ್ನುವವರು ಆ ಪರಂಪರೆಯವರೂ ಅಲ್ಲ, ನಮ್ಮವರೂ ಅಲ್ಲ.

ಇನ್ನೊಬ್ಬರು (ಕೇಶ್ವಾಪುರ): ನಮ್ಮ ಅವ್ವನಿಗೆ 68. ದಮ್ಮು ಇದೆ, ಪಂಪ್ ಎಳೆದುಕೊಳ್ಳುತ್ತಾರೆ. ಶುಗರ್ ಇದೆ, ಮೇಲಿನ ಹಲ್ಲಿನ ಸೆಟ್ ಇದೆ. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರು ಅಂಟಿದಂತಿದೆ. ಖಾರ ಮುಟ್ಟಿದರೆ ಉರಿ, ಊಟವೇ ಬೇಡ ಎನ್ನುತ್ತಾರೆ. ಇದೂ ಬಾಯಿ ಒಣಗಿದ್ದಕ್ಕೇ?

ಉತ್ತರ: ಇಲ್ಲ, ಇದು ಬೇರೆ. ಕೈ ತೊಳೆದು, ಬೆರಳಿಗೆ ಶುಭ್ರವಾದ ತೆಳು ಬಟ್ಟೆ ಸುತ್ತಿ ಒಂದು ಕಡೆ ಮೆಲ್ಲಗೆ ಒರೆಸಿ ನೋಡಿ. ಬಿಳಿ ಎದ್ದು ಬಂದು, ಕೆಳಗೆ ಕೆಂಪಗೆ ಹಸಿಯಾದ ಜಾಗ ಕಂಡರೆ, ಚೂರು ರಕ್ತ ಜಿನುಗಿದರೆ, ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರ. ಅದು ಎಷ್ಟೋ ಜನರ ಬಾಯಲ್ಲಿ ತೆಪ್ಪಗಿರುತ್ತದೆ, ಅವಕಾಶ ಸಿಕ್ಕಾಗ ಬೆಳೆಯುತ್ತದೆ. ಅವ್ವನ ಬಾಯಲ್ಲಿ ಅದಕ್ಕೆ ಮೂರು ಅವಕಾಶಗಳಿವೆ. ಪಂಪ್‌ನ ಸ್ಟೆರಾಯ್ಡ್ ಬಾಯಲ್ಲೇ ಅಂಟಿ ಉಳಿಯುತ್ತದೆ. ಸಕ್ಕರೆ ಹತೋಟಿ ತಪ್ಪಿದರೆ ಶಿಲೀಂಧ್ರಕ್ಕೆ ಅನುಕೂಲ. ರಾತ್ರಿಯೂ ಸೆಟ್ ತೆಗೆಯದೆ ಮಲಗಿದರೆ ಅದರ ಅಡಿಯಲ್ಲಿ ಗಾಳಿಯಿಲ್ಲ, ಜೊಲ್ಲಿಲ್ಲ.

ಪಂಪ್ ನಿಲ್ಲಿಸಬೇಡಿ, ದಯವಿಟ್ಟು. ಎಳೆದುಕೊಂಡ ಮೇಲೆ ಪ್ರತಿ ಸಲ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲನ್ನೂ ಗಳಗಳ ತೊಳೆದು ಉಗುಳಲಿ. ಪಂಪ್‌ಗೆ ಸ್ಪೇಸರ್ ಎಂಬ ಕೊಳವೆ ಸಿಗುತ್ತದೆ, ಅದನ್ನು ಬಳಸಿದರೆ ಔಷಧ ಬಾಯಿಗಿಂತ ಶ್ವಾಸಕೋಶಕ್ಕೆ ಹೆಚ್ಚು ಹೋಗುತ್ತದೆ. ಸೆಟ್ ಅನ್ನು ರಾತ್ರಿ ತೆಗೆದು, ಬ್ರಷ್‌ನಿಂದ ಉಜ್ಜಿ ನೀರಿನಲ್ಲಿಡಿ. ಮೂರು ತಿಂಗಳ ಸರಾಸರಿ ತೋರಿಸುವ ಸಕ್ಕರೆ ಪರೀಕ್ಷೆ ಮಾಡಿಸಿ. ಬಾಯಿಗೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಹನಿ ಬರೆದುಕೊಡುತ್ತಾರೆ.

ಔಷಧದಂಗಡಿಯಲ್ಲಿ ಫ್ಲುಕೊನಜೋಲ್ ಗುಳಿಗೆಯನ್ನು ಮಾತ್ರ ನೀವೇ ಕೇಳಿ ತರಬೇಡಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಗುಳಿಗೆಯ ಜೊತೆ ಸೇರಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರಿಗೂ ಇದು ಅಪಾಯ.

ಇನ್ನೊಬ್ಬರು: ನನ್ನ ಕೂಸಿಗೆ ಮೂರು ತಿಂಗಳು. ನಾಲಿಗೆ ಬೆಳ್ಳಗಿದೆ. ಮನೆಯಲ್ಲಿ ಜೇನಿನಲ್ಲಿ ಬಿಳಿಗಾರ ಕಲಸಿ ಹಚ್ಚು ಎನ್ನುತ್ತಾರೆ.

ಉತ್ತರ: ಎರಡನ್ನೂ ಹಚ್ಚಬೇಡಮ್ಮ. ಬಿಳಿಗಾರ ಕೂಸಿಗೆ ವಿಷ. ಒಂದು ವರ್ಷ ತುಂಬುವವರೆಗೆ ಜೇನೂ ಕೂಡದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಬಿಳಿ ಪದರ ನಾಲಿಗೆಯ ಮೇಲಷ್ಟೇ ಇದ್ದು ಒದ್ದೆ ಬಟ್ಟೆಗೆ ಸುಲಭವಾಗಿ ಬಂದರೆ ಹಾಲಿನದು. ಕೆನ್ನೆ, ತುಟಿಯ ಒಳಗೂ ಇದ್ದು ಅಂಟಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸು. ಆಗ ನಿನ್ನ ಮೊಲೆತೊಟ್ಟಿಗೂ ಔಷಧ ಬೇಕಾಗಬಹುದು, ಇಲ್ಲವಾದರೆ ಇಬ್ಬರ ನಡುವೆ ಆ ಶಿಲೀಂಧ್ರ ಓಡಾಡುತ್ತಲೇ ಇರುತ್ತದೆ.

ಇನ್ನೊಬ್ಬರು (ನವಲಗುಂದ): ಐದು ದಿನಗಳಿಂದ ಜ್ವರ. ನಾಲಿಗೆಯ ನಡುವೆ ಬಿಳಿ, ಅಂಚು ಕೆಂಪು. ಟೈಫಾಯ್ಡ್ ಎಂದು ಪಕ್ಕದ ಮನೆಯವರು ಹೇಳಿದರು.

ಉತ್ತರ: ಟೈಫಾಯ್ಡ್‌ನಲ್ಲಿ ಹಾಗಿರುತ್ತದೆ, ಬೇರೆ ಜ್ವರಗಳಲ್ಲೂ ಇರುತ್ತದೆ. ಐದು ದಿನದ ಜ್ವರವನ್ನು ನಾಲಿಗೆ ನೋಡಿ ತೀರ್ಮಾನಿಸಬಾರದು. ಇವತ್ತೇ ವೈದ್ಯರ ಬಳಿ ಹೋಗಿ, ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್‌ಗೆ (ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕೊಡಿ. ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ಎಂಬ ಒಂದೇ ಒಂದು ರಕ್ತ ಪರೀಕ್ಷೆ ನಂಬಿ ಕೂರಬೇಡಿ.

ಇನ್ನೊಬ್ಬರು: ಮಗಳ ನಾಲಿಗೆಯ ಮೇಲೆ ಕೆಂಪು ಮಚ್ಚೆ, ಸುತ್ತ ಬಿಳಿ ಗೆರೆ. ಈ ವಾರ ಒಂದು ಕಡೆ, ಮುಂದಿನ ವಾರ ಇನ್ನೊಂದು ಕಡೆ.

ಉತ್ತರ: ಜಾಗ ಬದಲಿಸುತ್ತಿದ್ದರೆ ಅದು ಜಿಯೋಗ್ರಾಫಿಕ್ ಟಂಗ್, ನಿರಪಾಯ. ಅಂಟುವುದಿಲ್ಲ, ಔಷಧವೂ ಬೇಡ. ಉರಿಯುವ ದಿನ ಕೆಂಪು ಖಾರದ ಚಟ್ನಿ ಬೇಡ, ಅಷ್ಟೇ.

ಇನ್ನೊಬ್ಬರು (ಬ್ಯಾಡಗಿ): ಮೇಡಂ, ಎಲ್ಲರೂ ಕೇಳುತ್ತಿದ್ದಾರೆಂದು ನಾನೂ ಕೇಳುತ್ತೇನೆ. ನಮ್ಮ ಅಣ್ಣ ಮೆಣಸಿನಕಾಯಿ ಲಾರಿ ಓಡಿಸುತ್ತಾನೆ, 41 ವರ್ಷ. ಪಾನ್ ಮಸಾಲಾ, ತಂಬಾಕು ಕಲಸಿ ಹಾಕುತ್ತಾನೆ. ನಾಲಿಗೆಯ ಎಡ ಅಂಚಿನಲ್ಲಿ ಉಗುರಿನಷ್ಟು ಬಿಳಿ ಮಚ್ಚೆ, ದೀಪಾವಳಿಯಿಂದ ಇದೆ. ಉಜ್ಜಿದರೂ ಹೋಗುವುದಿಲ್ಲ. ನೋವೇ ಇಲ್ಲ, ಅದಕ್ಕೇ ಸುಮ್ಮನಿದ್ದಾನೆ.

ಉತ್ತರ: ಈ ಗುಂಪಿಗೆ ಇವತ್ತು ಬಂದ ಎಲ್ಲ ಫೋಟೊಗಳಿಗಿಂತ ನನಗೆ ಚಿಂತೆ ಹಚ್ಚಿದ್ದು ಫೋಟೊ ಇಲ್ಲದ ಈ ಪ್ರಶ್ನೆ. ಹೋಗುವ ಬಿಳಿಗೆ ಜನ ನಿದ್ದೆಗೆಡುತ್ತಾರೆ, ಹೋಗದ ಬಿಳಿಯನ್ನು ನೋವಿಲ್ಲವೆಂದು ಬಿಟ್ಟುಬಿಡುತ್ತಾರೆ. ತಮ್ಮಾ, ನೋವಿಲ್ಲದಿರುವುದು ಇಲ್ಲಿ ಸಮಾಧಾನದ ಮಾತಲ್ಲ.

ಉಜ್ಜಿದರೂ ಹೋಗದ, ಬೇರೆ ಕಾರಣ ಕಾಣದ ಇಂಥ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎನ್ನುತ್ತೇವೆ. ಅದೇ ಕ್ಯಾನ್ಸರ್ ಅಲ್ಲ. ಹಲವರಲ್ಲಿ ಅದು ಹಾಗೆಯೇ ಉಳಿಯುತ್ತದೆ, ಕೆಲವರಲ್ಲಿ ತಂಬಾಕು ಬಿಟ್ಟರೆ ಕರಗುತ್ತದೆ, ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ. ಯಾರಲ್ಲಿ ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ನಾಲಿಗೆಯ ಅಂಚು ಮತ್ತು ಅಡಿ ಭಾಗ ಹೆಚ್ಚು ಅಪಾಯದ ಜಾಗಗಳು. ಬಿಳಿಯ ನಡುವೆ ಕೆಂಪು ಚುಕ್ಕೆಗಳಿದ್ದರೆ, ಮುಟ್ಟಿದಾಗ ಗಟ್ಟಿಯಾಗಿದ್ದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಒಂದು ದಿನವೂ ತಡೆಯಬಾರದು. ಒಮ್ಮೊಮ್ಮೆ ಮುರಿದ ಹಲ್ಲಿನ ಚೂಪು ತಿಕ್ಕಿ ತಿಕ್ಕಿಯೂ ಬೆಳ್ಳಗಾಗುತ್ತದೆ. ಹಲ್ಲು ನಯ ಮಾಡಿ ಎರಡು ವಾರ ನೋಡುತ್ತೇವೆ, ಹೋಗದಿದ್ದರೆ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಜಾಗ ಮರಗಟ್ಟಿಸಿ ಮಾಡುವ ಕೆಲಸ. "ಕತ್ತರಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ" ಎಂದು ಲಾರಿ ನಿಲ್ದಾಣದಲ್ಲಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಅಣ್ಣನಿಗೆ ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಬಾಯಿ ಪೂರ್ತಿ ತೆರೆಯಿಸಿ, ಅವನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಖಾರಕ್ಕೆ ಕೆನ್ನೆ ಉರಿಯುತ್ತಿದ್ದರೆ, ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟುತ್ತಿದೆ ಎಂದರ್ಥ.

ಬ್ಯಾಡಗಿಯವರು: ಎರಡು ಬೆರಳು ಹೋಗುತ್ತವೆ, ಮೂರನೆಯದು ಹೋಗುವುದಿಲ್ಲ. ತಂಬಾಕು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಎನ್ನುತ್ತಾನೆ. ಗುಟ್ಕಾ ಬಂದ್ ಆದಮೇಲೆ ಇದು ಅದಲ್ಲ ಎಂದೂ ವಾದಿಸುತ್ತಾನೆ.

ಉತ್ತರ: ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಲ್ಲಿಂದ ಒಂದು ಪ್ಯಾಕೆಟ್‌ನ ಮಾಲು ಎರಡು ಪ್ಯಾಕೆಟ್‌ಗಳಲ್ಲಿ ಬರುತ್ತಿದೆ, ಅಂಗೈಯಲ್ಲಿ ಕಲಸುವ ಕೆಲಸ ಗಿರಾಕಿಗೆ ಬಿತ್ತು, ಅಷ್ಟೇ ವ್ಯತ್ಯಾಸ. ಬರೀ ಅಡಿಕೆಯೂ ಸೈ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತು ಎಂದು 2004ರಲ್ಲೇ ಪ್ರಕಟಿಸಿದೆ. ಅವನ ಬಾಯಿ ತೆರೆಯದಿರುವುದಕ್ಕೆ ಕಾರಣ ಆ ಅಡಿಕೆಯೇ.

ಬೈದರೆ ಬಿಡುವುದಿಲ್ಲ, ಅದು ಚಟ. ರಾತ್ರಿ ಲಾರಿ ಓಡಿಸುವವರು ನಿದ್ದೆ ತಡೆಯಲೆಂದು ಹಾಕಿಕೊಳ್ಳುತ್ತಾರೆ, ಅದಕ್ಕೆ ಬದಲಿ ಏನೆಂದು ಮಾತಾಡಬೇಕಾಗುತ್ತದೆ. 1800112356 ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ, ಕರೆಗೆ ಹಣವಿಲ್ಲ. ಮಚ್ಚೆ ತೋರಿಸಲು ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿಗೆ ಬನ್ನಿ, ಓರಲ್ ಮೆಡಿಸಿನ್ (ಬಾಯಿಯ ರೋಗಗಳ) ವಿಭಾಗ ಕೇಳಿ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲೇ ಇದೆ.

ಬ್ಯಾಡಗಿಯವರು: ಬುಧವಾರ ಲೋಡ್ ಇಲ್ಲ, ಕರೆದುಕೊಂಡು ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರಬೇಕೇ?

ಉತ್ತರ: ಬೇಡ, ಊಟ ಮಾಡಿಸಿಕೊಂಡೇ ಬನ್ನಿ. ಬಿಪಿ, ಶುಗರ್ ಗುಳಿಗೆ ಇದ್ದರೆ ಎಂದಿನಂತೆ ನುಂಗಲಿ, ಔಷಧದ ಚೀಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ನೀವಾಗಿ ನಿಲ್ಲಿಸದೆ ಅಲ್ಲಿ ಮೊದಲೇ ತಿಳಿಸಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಂದರೆ ಚೀಟಿ ಮಾಡಿಸುವ ಸಾಲು ಚಿಕ್ಕದಿರುತ್ತದೆ. ದಾರಿಯಲ್ಲಿ ಹಾಕಿಕೊಳ್ಳದಂತೆ ಮಾತ್ರ ನೀವು ಪಕ್ಕದಲ್ಲೇ ಕುಳಿತುಕೊಳ್ಳಿ.